ಕಿವಿ ಕೇಳದ ಮೆಂಬರಮ್ಮ

ಮದುವೆಯಾಗಿ ಆ ಊರಿಗೆ ಹೋದ ಹೊಸತರಲ್ಲಿ ಒಂದು ಸಂಜೆ ನಮ್ಮ ಮನೆಯವರು ಅಂಗಡಿ ಬಾಗಿಲು ಹಾಕಿ ಬಂದು, ಕೈಕಾಲು ತೊಳೆದು, ಮಡಿ ಅಂಗಿ ಹಾಕಿಕೊಳ್ಳುತ್ತಾ, "ದೈವ ಕೂಡೈತಿ, ಹೋಗಿ ಬರ್ತೀನಿ" ಎಂದರು. ನಾನು ಕೊಟ್ಟೂರಿನ ಪೇಟೆಯಲ್ಲಿ ಬೆಳೆದವಳು, ಹಳ್ಳಿಯ ಒಳಮಾತು ಗೊತ್ತಿರಲಿಲ್ಲ. ಯಾವುದೋ ಪೂಜೆ ಇರಬೇಕೆಂದು ಗಡಬಡಿಸಿ ತೆಂಗಿನಕಾಯಿ, ಊದಿನಕಡ್ಡಿ ಇಟ್ಟ ತಟ್ಟೆಯನ್ನು ಅವರ ಕೈಗೆ ಕೊಟ್ಟೆ. ಅವರು ನನ್ನನ್ನೂ ತಟ್ಟೆಯನ್ನೂ ಒಂದು ಸಲ ನೋಡಿ, "ಇದು ಕಾಯಿ ಒಡಿಸ್ಕೊಳ್ಳೋ ದೈವ ಅಲ್ಲ, ತಲಿ ಒಡೆಯೋ ದೈವ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಆ ಕಡೆ ಊರ ಹಿರಿಯರ ಸಭೆಗೆ ದೈವ ಎನ್ನುತ್ತಾರೆ. ಬಸವಣ್ಣನ ಗುಡಿಯ ಮುಂದೆ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಗೌಡರು, ಶಾನುಭೋಗರು, ಮಠದ ಅಯ್ಯನವರು, ಮತ್ತು ಈ ಮೂವರೂ ಹೇಳಿದ್ದಕ್ಕೆ ತಲೆಯಾಡಿಸಲು ಬೇಕಾದಷ್ಟು ಜನ. ಗೌಡಿಕೆ, ಶಾನುಭೋಗಿಕೆಗಳನ್ನು ಸರ್ಕಾರ ಎಂದೋ ರದ್ದು ಮಾಡಿತ್ತು. ಆ ಸುದ್ದಿ ರೇಡಿಯೋದಲ್ಲಿಯೂ ಬಂದಿತ್ತಂತೆ. ಊರಿಗೆಲ್ಲ ರೇಡಿಯೋ ಇದ್ದದ್ದು ಗೌಡರ ಮನೆಯಲ್ಲೊಂದೇ. ಆ ದಿನ ಅದು ಕೆಟ್ಟಿರಬೇಕು. ಯಾರ ಬದು ಯಾರು ಒತ್ತಿದರು, ಯಾರ ಮಗಳು ಯಾಕೆ ತವರಿಗೆ ಬಂದು ಕೂತಳು, ಯಾರ ಮನೆಯ ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯಬೇಕು, ಎಲ್ಲವೂ ಕಟ್ಟೆಯ ಮೇಲೆಯೇ ತೀರ್ಮಾನ. ಹೆಣ್ಣುಮಕ್ಕಳು ಕಟ್ಟೆ ಹತ್ತುವಂತಿರಲಿಲ್ಲ. ಅದರ ಮುಂದೆ ಹೋಗುವಾಗ ಚಪ್ಪಲಿ ಕೈಗೆ ತೆಗೆದುಕೊಂಡು, ತಲೆ ತಗ್ಗಿಸಿ, ಬೇಗಬೇಗ ದಾಟಬೇಕು. ನಾನು ದಾಟುವಾಗ ಮಾತ್ರ ಕಟ್ಟೆಯ ಮೇಲಿನ ಮಾತು ನಿಂತು, ನಾನು ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ಹೊಸ ಸೊಸೆಯ ನಡಿಗೆಯೂ ದೈವದ ಅಧಿಕಾರ ವ್ಯಾಪ್ತಿಯಲ್ಲಿ ಬರುತ್ತಿತ್ತೆಂದು ತೋರುತ್ತದೆ.

ಇದಲ್ಲದೆ ಊರಿಗೊಂದು ಗ್ರಾಮ ಪಂಚಾಯ್ತಿಯೂ ಇತ್ತು. ನಮ್ಮೂರಿಗೆ ಸ್ಥಳೀಯ ಆಡಳಿತ ಕೊಟ್ಟಿದ್ದೇನೆಂದು ಸರ್ಕಾರ ನಂಬಿತ್ತು. ಪಾಪ, ಅದರ ಮನಸ್ಸು ನೋಯಬಾರದೆಂದು ಊರಿನವರು ಹಳೆಯ ಚಾವಡಿಯ ಒಂದು ಕೋಣೆಗೆ ಬೋರ್ಡು ಹಾಕಿ, ಒಳಗೆ ಒಂದು ಮೇಜು, ನಾಲ್ಕಾರು ಕುರ್ಚಿ, ಗೋಡೆಗೆ ಗಾಂಧೀಜಿಯ ಫೋಟೋ ಇಟ್ಟಿದ್ದರು. ಹಗರಿಬೊಮ್ಮನಹಳ್ಳಿಯಿಂದ ಬ್ಲಾಕ್ ಆಫೀಸಿನ ಜೀಪು ಬರುತ್ತದೆಂಬ ಸುದ್ದಿ ತಲುಪಿದಾಗ ಜವಾನ ಬೀಗ ತೆಗೆದು ಗಾಂಧೀಜಿಯ ಮೇಲಿನ ಧೂಳು ಹೊಡೆಯುತ್ತಿದ್ದ. ಪಂಚಾಯ್ತಿಯ ಮೆಂಬರುಗಳು ಯಾರೆಂದರೆ ಅದೇ ಕಟ್ಟೆಯವರು. ಚೇರ್ಮನ್ನರು ಅದೇ ಗೌಡರು. ಕಟ್ಟೆಯ ಮೇಲೆ ಕೂತರೆ ದೈವ, ಇಳಿದು ಚಾವಡಿಗೆ ನಡೆದರೆ ಪ್ರಜಾಪ್ರಭುತ್ವ. ಇಳಿಯುವ ಶ್ರಮವನ್ನೂ ಅವರು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ತೀರ್ಮಾನ ಕಟ್ಟೆಯ ಮೇಲೆ ಆಗುತ್ತಿತ್ತು, ಕಾರ್ಯದರ್ಶಿ ಅದನ್ನು ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ, ಜವಾನ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ತರುತ್ತಿದ್ದ.

ಎಪ್ಪತ್ತರ ದಶಕದ ಕೊನೆಗೆ ಪಂಚಾಯ್ತಿ ಚುನಾವಣೆ ಬಂತು. ಬಂತು ಎಂದೆನೇ ಹೊರತು ನಡೆಯಿತು ಎನ್ನಲಿಲ್ಲ. ಚುನಾವಣೆ ನಡೆದರೆ ಊರು ಒಡೆಯುತ್ತದೆ, ಆದ್ದರಿಂದ ಎಲ್ಲರೂ ಅವಿರೋಧ ಎಂದು ದೈವ ಮೊದಲೇ ಹೇಳಿಬಿಟ್ಟಿತ್ತು. ಊರು ಒಡೆಯದಂತೆ ಕಾಪಾಡುವ ಭಾರವನ್ನು ಗೌಡರು ಮತ್ತು ಶಾನುಭೋಗರು ಎಂದಿನಂತೆ ತಮ್ಮ ಹೆಗಲಿಗೇ ಹಾಕಿಕೊಂಡರು. ಒಂದೇ ತೊಡಕೆಂದರೆ ಹೆಣ್ಣುಮಕ್ಕಳಿಗೆಂದು ಎರಡು ಸೀಟು ಇರಲೇಬೇಕೆಂಬ ಕಾನೂನು. ಈ ಕಾನೂನು ಮಾಡಿದವರಿಗೆ ಹೆಂಡತಿ ಇಲ್ಲವೇ ಎಂದು ಶಾನುಭೋಗರು ಕೇಳಿದರಂತೆ. ಕೊನೆಗೆ ಒಂದು ಸೀಟಿಗೆ ಮಗಳ ಬಾಣಂತನಕ್ಕೆಂದು ಹಡಗಲಿ ಕಡೆಯ ಮಾಗಳಕ್ಕೆ ಹೋಗಿದ್ದ ಒಬ್ಬ ಮುದುಕಿಯನ್ನು ಆರಿಸಿದರು. ಆಕೆ ವಾಪಸು ಬರುವುದೇ ಅನುಮಾನ ಎಂಬುದೇ ಆಕೆಯ ಅರ್ಹತೆ. ಇನ್ನೊಂದು ಸೀಟಿಗೆ ನಮ್ಮ ಅತ್ತೆ.

ನಮ್ಮ ಅತ್ತೆಯ ಅರ್ಹತೆ ಅದಕ್ಕಿಂತ ಹೆಚ್ಚಿನದು. ಆಕೆಗೆ ಕಿವಿ ಕೇಳಿಸುತ್ತಿರಲಿಲ್ಲ. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಬಾಯಿ ಹಚ್ಚಿ ಗಂಟಲು ಹರಿಯುವ ಹಾಗೆ ಕೂಗಿದರೆ ಕೇಳುತ್ತಿತ್ತು. ಕಿವುಡು ಬರೀ ನಾಟಕ, ಬೇಕಾದ್ದು ಕೇಳಿಸುತ್ತದೆ ಎಂದು ಊರಲ್ಲಿ ಕೆಲವರು ಹೇಳುತ್ತಿದ್ದರು. ವರ್ಷಗಟ್ಟಲೆ ಕೂಗಿದವಳು ನಾನು, ನನ್ನ ಮಾತು ನಂಬಿ: ಕೇಳಿಸುತ್ತಿರಲಿಲ್ಲ. ಓದು ಬರಹವೂ ಇಲ್ಲ. ಕೇಳದ, ಓದದ, ಗಂಡ ಸತ್ತ ಹೆಂಗಸು. ಸ್ಥಳೀಯ ಆಡಳಿತಕ್ಕೆ ಇದಕ್ಕಿಂತ ಯೋಗ್ಯರು ಎಲ್ಲಿ ಸಿಕ್ಕಾರು?

ಕಟ್ಟೆಯವರು ಕೇಳಲು ಬಂದದ್ದು ನಮ್ಮ ಮನೆಯವರನ್ನು. ಅತ್ತೆ ಪಡಸಾಲೆಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರೂ ಅವರನ್ನು ಯಾರೂ ನೋಡಲಿಲ್ಲ. "ನಿಮ್ಮವ್ವನ ಹೆಸರು ಹಾಕ್ತೀವಿ, ನಿನಗೇನೂ ತ್ರಾಸ ಇಲ್ಲ, ಹೆಬ್ಬೆಟ್ಟಿಗೆ ಮನೀಗೇ ಬರ್ತಾರ" ಎಂದರು ಗೌಡರು. ಕಿರಾಣಿ ಅಂಗಡಿ ಇಟ್ಟವರು ಗೌಡರಿಗೆ ಇಲ್ಲ ಎನ್ನುವುದುಂಟೇ? ಅವರೆಲ್ಲ ಚಹಾ ಕುಡಿದು ಎದ್ದ ಮೇಲೆ ಅತ್ತೆ ನನ್ನನ್ನು ಕರೆದು, "ಯಾರ ಮನೀದು ಲಗ್ನ?" ಎಂದು ಕೇಳಿದರು.

ನಾನು ಎಡಗಿವಿಗೆ ಬಗ್ಗಿ ಕೂಗಿದೆ. "ಲಗ್ನ ಅಲ್ರಿ ಅತ್ತಿ, ನಿಮ್ಮನ್ನ ಪಂಚಾಯ್ತಿ ಮೆಂಬರ್ ಮಾಡ್ಯಾರ!"

ಅತ್ತೆ ಅಕ್ಕಿಯ ಮೊರವನ್ನು ಕೆಳಗಿಟ್ಟರು. "ನನ್ನನ್ನ? ಯಾಕ, ಊರಾಗ ಗಂಡಸ್ರು ತೀರ್ಯಾರೇನು?" ಎಂದರು.

ಮೊದಲನೆಯ ಮೀಟಿಂಗಿಗೆ ಬ್ಲಾಕ್ ಆಫೀಸಿನ ಬಿ.ಡಿ.ಒ. ಸಾಹೇಬರೇ ಬರುವವರಿದ್ದರು. ಮೆಂಬರುಗಳೆಲ್ಲ ಖುದ್ದಾಗಿ ಇರಬೇಕೆಂದು ಅವರ ಆಜ್ಞೆ. ಅತ್ತೆ ಟ್ರಂಕಿನಿಂದ ಇಳಕಲ್ಲು ಸೀರೆ ತೆಗೆದರು. ನೀನೂ ಬಾ ಎಂದು ನನಗೆ ಕೈಸನ್ನೆ ಮಾಡಿದರು. "ಅಕಿ ಯಾಕ?" ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, "ನನ್ನ ಕಿವಿ ಮನ್ಯಾಗ ಬಿಟ್ಟು ಹೋಗ್ಲೇನು?" ಎಂದರು.

ಹೀಗೆ ನಾನು ಪಂಚಾಯ್ತಿಗೆ ಹೋದೆ. ಮಾವನ ಸಮಾನರ ಮುಂದೆ ತಲೆ ಎತ್ತಬಾರದು, ಪಿಸುಮಾತಿನಲ್ಲೂ ಉತ್ತರಿಸಬಾರದು ಎಂದು ನನಗೆ ಕಲಿಸಿದ್ದರು. ನಾನು ತಲೆ ಎತ್ತಲಿಲ್ಲ. ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ, ಅತ್ತೆಯ ಎಡಗಿವಿಯಲ್ಲಿ ಮಾತ್ರ ಮಾತಾಡಿದೆ. ಆದರೆ ನನ್ನ ಗಂಟಲು ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಡೀ ಶಾಲೆಗೆ ಪ್ರಾರ್ಥನೆ ಹೇಳಿಸಿದ ಗಂಟಲು. ಗೌಡರು ತೊಡೆಯ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ, "ಕೆರಿ ಏರಿ ರಿಪೇರಿ ನಮ್ಮ ಹುಡುಗ್ರೇ ಮಾಡ್ತಾರ ಸಾಹೇಬ್ರ" ಎನ್ನುವರು. ನಾನು ಅದನ್ನೇ, "ಕೆರಿ ಏರಿ ರಿಪೇರಿ ಗೌಡ್ರ ಹುಡುಗ್ರೇ ಮಾಡ್ತಾರಂತ್ರಿ ಅತ್ತಿ!" ಎಂದು ಕೂಗುವೆ. ಚಾವಡಿಯ ಕಿಟಕಿ ಬೀದಿಗೆ ತೆರೆದಿತ್ತು. ಮೊದಲು ಒಂದಿಬ್ಬರು ನಿಂತರು. ಸ್ವಲ್ಪ ಹೊತ್ತಿನಲ್ಲಿ ಗುಂಪೇ ಸೇರಿತು. ಪಂಚಾಯ್ತಿಯೊಳಗೆ ಏನು ನಡೆಯುತ್ತದೆಂಬುದನ್ನು ಆ ಊರು ಕಿವಿಯಾರೆ ಕೇಳಿದ್ದು ಅದೇ ಮೊದಲು.

ಶಾನುಭೋಗರು ಬಿ.ಡಿ.ಒ. ಅವರಿಗೆ, ಮೆಂಬರಲ್ಲದ ಹೆಣ್ಣುಮಗಳು ಸಭೆಯಲ್ಲಿ ಕೂಗುವುದು ಕಾನೂನಿಗೆ ವಿರುದ್ಧವೆಂದು ಹೇಳಿದರು. ನಾನು ಅದನ್ನೂ ಕೂಗಿದೆ. ಬಿ.ಡಿ.ಒ. ನಕ್ಕುಬಿಟ್ಟರು. "ಅಜ್ಜಿಗೆ ಕೇಳ್ಸಂಗಿಲ್ಲ ಅಂತ ಗೊತ್ತಿದ್ದೇ ಆರಿಸೀರಲ್ರಿ? ಮತ್ತ ಹೇಳಾಕ ಒಬ್ರು ಬೇಕ ಬೇಕು. ಈಕಿ ಬರ್ಲಿ ಬಿಡ್ರಿ" ಎಂದರು. ಜೀಪು ಹತ್ತಿ ಹೋದರು. ಆಮೇಲೆ ಅವರು ಕೂಡ್ಲಿಗಿ ಕಡೆಗೆ ವರ್ಗವಾದರೆಂದು ಕೇಳಿದೆ. ನಮ್ಮೂರಿಗೆ ಅವರು ಮಾಡಿದ ಅಭಿವೃದ್ಧಿ ಕೆಲಸ ಅದೊಂದೇ; ಆದರೆ ಬೇರೆಯವರು ಅಷ್ಟೂ ಮಾಡಿರಲಿಲ್ಲ.

ಮುಂದಿನ ತಿಂಗಳು ಜವಾನ ಎಂದಿನಂತೆ ಪುಸ್ತಕ ಹಿಡಿದು ಹೆಬ್ಬೆಟ್ಟಿಗೆ ಮನೆಗೆ ಬಂದ. ಅತ್ತೆ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡು, "ಮೀಟಿಂಗ್ ಎಲ್ಲಿ ಆತು?" ಎಂದರು. ಕಟ್ಟೆಯ ಮೇಲಾಯಿತೆಂದು ಅವನು ಹೇಳಿದ, ನಾನು ಕೂಗಿದೆ. "ಕಟ್ಟಿ ಮ್ಯಾಲೆ ನಾ ಬರಂಗಿಲ್ಲ. ಬಂದಿಲ್ಲ ಅಂದ ಮ್ಯಾಲೆ ಬಂದೀನಿ ಅಂತ ಹೆಂಗ ಒತ್ಲಿ? ಬಸವಣ್ಣ ನೋಡ್ತಿರ್ತಾನಪ್ಪ" ಎಂದರು. ಅತ್ತೆಗೆ ಕಾನೂನು ತಿಳಿಯದು, ಸುಳ್ಳು ಹೇಳಿದರೆ ಬಸವಣ್ಣ ಬಿಡುವುದಿಲ್ಲವೆಂಬುದಷ್ಟೇ ತಿಳಿದಿತ್ತು. ಜವಾನ ಮೂರು ಸಲ ಬಂದುಹೋದ. ಕೊನೆಗೆ ದೈವ ನಿಟ್ಟುಸಿರು ಬಿಟ್ಟು ಕಟ್ಟೆಯಿಂದ ಇಳಿದು ಚಾವಡಿಯಲ್ಲಿ ಮೀಟಿಂಗು ನಡೆಸತೊಡಗಿತು. ಗೌಡರು ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಏನಾದರೂ ಹೇಳಬೇಕೆನಿಸಿದಾಗ ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿಕೊಳ್ಳುತ್ತಿದ್ದರು. ಊರಿನ ಆಡಳಿತಕ್ಕೆ ಅದರಿಂದ ಆದ ಲಾಭವನ್ನು ಅಳೆಯುವುದು ಕಷ್ಟ.

ಇನ್ನು ಒಂದು ಜಾಗದ ವಿಷಯ.

ಊರ ಪಡುವಣಕ್ಕೆ, ಗೌಡರ ಕಣದ ಆಚೆ ಒಂದು ಬಯಲು. ಬಳ್ಳಾರಿ ಜಾಲಿ ಅಲ್ಲಿ ಆಳೆತ್ತರ ಹಬ್ಬಿತ್ತು. ಬೆಳಕು ಹರಿಯುವ ಮುಂಚೆ ಮತ್ತು ದೀಪ ಹಚ್ಚುವ ಹೊತ್ತಿಗೆ ಊರಿನ ಹೆಣ್ಣುಮಕ್ಕಳೆಲ್ಲ ತಂಬಿಗೆ ಹಿಡಿದು ಅಲ್ಲಿಗೇ ಹೋಗಬೇಕು. ಇಡೀ ಊರಿಗೆ ಪಾಯಿಖಾನೆ ಎಂಬುದು ಇರಲಿಲ್ಲ, ಗೌಡರ ಮನೆಯಲ್ಲೂ ಇರಲಿಲ್ಲ. ಗಂಡಸರು ಹಳ್ಳದ ದಂಡೆಗೆ, ಹೊಲದ ಬದುವಿಗೆ, ಎಲ್ಲಿ ಬೇಕೆಂದರೆ ಅಲ್ಲಿಗೆ ಹೋಗುತ್ತಿದ್ದರು. ಲೋಕವೆಲ್ಲ ಅವರದೇ. ನಮಗಿದ್ದದ್ದು ಆ ಜಾಲಿಯ ಮರೆ. ಮುಳ್ಳು ಚುಚ್ಚಿಸಿಕೊಂಡು, ಹಾವಿಗೆ ಹೆದರಿಕೊಂಡು ಹೋಗುತ್ತಿದ್ದೆವು. ಆದರೂ ದಿನದಲ್ಲಿ ನಾವು ನಾಲ್ಕು ಮಾತು ನಕ್ಕು ಆಡುತ್ತಿದ್ದದ್ದು ಅಲ್ಲಿಗೆ ಹೋಗುವ ದಾರಿಯಲ್ಲೇ. ಯಾರಿಗೆ ದಿನ ತುಂಬಿತು, ಯಾರಿಗೆ ಏಟು ಬಿತ್ತು, ಯಾರ ಮನೆಯ ಕಾಳು ಮುಗಿಯಿತು, ಎಲ್ಲ ಗೊತ್ತಾಗುತ್ತಿದ್ದದ್ದೂ ಅಲ್ಲಿಯೇ.

ಗೌಡರ ಅಳಿಯ ಹರಪನಹಳ್ಳಿಯವನು. ಅವನಿಗೆ ನಮ್ಮೂರಲ್ಲಿ ಸೇಂಗಾ ಮಿಲ್ಲು ಹಾಕುವ ಮನಸ್ಸಾಯಿತು. ಮಿಲ್ಲು ಬಂದರೆ ಊರಿಗೆ ಒಳ್ಳೆಯದೇ. ಗೌಡರಿಗೆ ಊರ ಸುತ್ತ ಹೊಲವೂ ಬೇಕಾದಷ್ಟಿತ್ತು. ಆದರೆ ಸ್ವಂತ ಹೊಲದಲ್ಲಿ ಮಿಲ್ಲು ಹಾಕಿದರೆ ಹೊಲ ಹಾಳಾಗುತ್ತದೆ. ಊರ ಜಾಗದಲ್ಲಿ ಹಾಕಿದರೆ ಊರು ಉದ್ಧಾರವಾಗುತ್ತದೆ. ದೈವ ಕಟ್ಟೆಯ ಮೇಲೆ ಕೂಡಿ ಊರನ್ನು ಉದ್ಧಾರ ಮಾಡಲು ತೀರ್ಮಾನಿಸಿತು. ಜಾಗ ಪಂಚಾಯ್ತಿಯದಾದ್ದರಿಂದ ಮೆಂಬರುಗಳು ಒಪ್ಪಿ ಸಹಿ ಹಾಕಿದ ಒಂದು ಠರಾವು ಬೇಕಿತ್ತು. ಅದಕ್ಕಾಗಿ ಚಾವಡಿಯಲ್ಲಿ ಮೀಟಿಂಗು ಕರೆದರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಓದಿದ: "ಊರ ಪಶ್ಚಿಮ ದಿಕ್ಕಿನ ಖುಲ್ಲಾ ಜಾಗವು ಯಾರ ಉಪಯೋಗಕ್ಕೂ ಬಾರದೆ ಪಾಳು ಬಿದ್ದಿರುವುದರಿಂದ, ಸದರಿ ಜಾಗವನ್ನು ಸೇಂಗಾ ಮಿಲ್ಲಿನ ಸ್ಥಾಪನೆಗಾಗಿ..."

ಅತ್ತೆ ಮೊಣಕೈಯಿಂದ ತಿವಿದರು. "ಏನಂತಾನ?"

"ಖುಲ್ಲಾ ಜಾಗ ಸೇಂಗಾ ಮಿಲ್ಲಿಗೆ ಕೊಡ್ತಾರಂತ್ರಿ ಅತ್ತಿ!"

"ಯಾವ ಜಾಗ?"

"ಪಡುವಲ ದಿಕ್ಕಿಂದಂತ್ರಿ!"

ಅತ್ತೆಯ ಮುಖ ಅರಳಿತು. ಗೌಡರನ್ನು ಎತ್ತಿ ಆಡಿಸಿದ ವಯಸ್ಸು ಅವರದು, ತಮ್ಮ ಎಂದೇ ಕರೆಯುತ್ತಿದ್ದರು. "ಪಡುವಲಕ ತಮ್ಮನ ಕಣ ಐತಿ. ಕಣಾನ ಬಿಟ್ಟುಕೊಡ್ತೀಯೇನಪ್ಪ ತಮ್ಮ? ದೊಡ್ಡ ಮನಸು!"

ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ಗೌಡರು ಮೀಸೆಯ ಮೇಲೆ ಬೆರಳಾಡಿಸಿ, "ಕಣ ಅಲ್ಲ ಯಕ್ಕ. ಕಣದ ಆಚಿಗಿನ ಜಾಗ" ಎಂದರು.

"ಕಣದ ಆಚಿಗಿಂದಂತ್ರಿ!"

"ಕಣದ ಆಚಿಗೆ ಏನೈತಿ?"

"ಜಾಲಿ ಗಿಡ ಅವ" ಎಂದರು ಶಾನುಭೋಗರು. ಕೂಗಿದೆ.

"ಜಾಲಿ ಗಿಡದ ಮರಿಗೆ ಏನೈತಿ?"

ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಊರಿಗೆಲ್ಲ ಗೊತ್ತಿದ್ದ, ಯಾರ ಬಾಯಿಂದಲೂ ಬಾರದ ಮಾತು ಅದು. ಗಂಡಸರಾದವರು ಅದನ್ನು ಆಡಬಾರದು. ಆ ಜಾಗವನ್ನು ಮಾತ್ರ ತೆಗೆದುಕೊಳ್ಳಬಹುದು. ಶಾನುಭೋಗರು ಗೌಡರನ್ನು ನೋಡಿದರು, ಗೌಡರು ಗಾಂಧೀಜಿಯನ್ನು ನೋಡಿದರು. ಕೊನೆಗೆ ಗೌಡರು ನನ್ನ ಕಡೆ ಮುಖ ಮಾಡದೆಯೇ, "ನೀನ ಹೇಳವ್ವ ಅಕಿಗೆ, ತಿಳಿಯಂಗ" ಎಂದರು.

ದೈವವೇ ಮಾತಾಡೆಂದು ಹೆಣ್ಣಿಗೆ ಅಪ್ಪಣೆ ಕೊಟ್ಟ ಮೇಲೆ ಮೀರುವುದು ಹೇಗೆ? ಎದೆ ತುಂಬ ಉಸಿರು ತೆಗೆದುಕೊಂಡು, ತಿಳಿಯುವ ಹಾಗೆಯೇ ಹೇಳಿದೆ.

"ಹೆಣ್ಮಕ್ಳು ಬಯಲಕಡಿಗೆ ಕುಂದ್ರೋ ಜಾಗ ರೀ ಅತ್ತಿ! ಅದನ್ನ ಕೊಡ್ತಾರಂತ! ಅದು ಯಾರ ಉಪಯೋಗಕ್ಕೂ ಬರಂಗಿಲ್ಲಂತ!"

ಹೊರಗೆ ನಗು ಎದ್ದಿತು, ಆಮೇಲೆ ತಟ್ಟನೆ ನಿಂತಿತು. ಕಿಟಕಿಗೆ ಆತು ನಿಂತವರಲ್ಲಿ ಹೆಚ್ಚಿನವರು ಹೆಂಗಸರೇ. ಅವರಿಗೂ ಈ ಸುದ್ದಿ ಹೊಸದು.

ಅತ್ತೆಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. "ಯಾರ ಉಪಯೋಗಕ್ಕೂ ಬರಂಗಿಲ್ಲ ಅಂದ್ರ, ನಾವು ಯಾರೂ ಅಲ್ಲೇನು? ಅಲ್ಲಪ್ಪ, ಮತ್ತ ನಾವು ಎಲ್ಲಿಗೆ ಹೋಗೋದು?"

"ಬ್ಯಾರೆ ವ್ಯವಸ್ಥಿ ಮಾಡ್ತೀವಿ ಯಕ್ಕ."

"ಯಾವಾಗ?"

"ಮುಂದಿನ ಯೋಜನಾದಾಗ ಹಾಕಿ..."

ನಾನು ಕೂಗಿದೆ. ಅತ್ತೆ ಕೇಳಿ, "ಅಲ್ಲಿತನ ತಡ್ಕಂಡು ಕುಂದ್ರಬೇಕೇನು?" ಎಂದರು.

ಇದಾದ ಮೇಲೆ ಸಭೆಯನ್ನು ಮುಂದುವರಿಸಲು ಆಗಲಿಲ್ಲ. ಹೊರಗೆ ಮತ್ತೆ ಎದ್ದ ನಗುವಿಗೆ ಒಳಗಿದ್ದ ಮೆಂಬರೊಬ್ಬನೂ ಸೇರಿಕೊಂಡಿದ್ದ. ಗೌಡರು ತಿರುಗಿ ನೋಡಿದ ಮೇಲೆ ಕೆಮ್ಮಿದ. ಗಲಾಟೆಯ ಕಾರಣ ಸಭೆಯನ್ನು ಮುಂದೂಡಲಾಗಿದೆ ಎಂದು ಕಾರ್ಯದರ್ಶಿ ಬರೆದುಕೊಂಡ. ಗಲಾಟೆ ಮಾಡಿದವರು ಯಾರೆಂದು ಬರೆಯಲು ಅವನಿಗೆ ಗ್ರಾಂಥಿಕ ಕನ್ನಡದಲ್ಲಿ ಪದ ಸಿಗಲಿಲ್ಲವೆಂದು ಕಾಣುತ್ತದೆ.

ಆ ಸಂಜೆಯೇ ದೈವ ಕಟ್ಟೆಯ ಮೇಲೆ ಕೂಡಿತು. ಪಂಚಾಯ್ತಿಯ ಕೆಲಸ ಪಂಚಾಯ್ತಿಗೆ ಆಗದಿದ್ದಾಗ ದೈವ ಸುಮ್ಮನಿರಲು ಬರುವುದಿಲ್ಲ. ಠರಾವು ಆಮೇಲೆ ಬರೆದುಕೊಂಡರಾಯಿತು, ಜಾಲಿ ಕಡಿಸಲು ಶುರು ಮಾಡಿ ಎಂದು ತೀರ್ಮಾನವಾಯಿತು. ಜೊತೆಗೆ ನಮ್ಮ ಮನೆಯವರನ್ನು ಕರೆಸಿ ಕಟ್ಟೆಯ ಕೆಳಗೆ ನಿಲ್ಲಿಸಿ, "ಮನೀ ಹೆಣ್ಮಕ್ಳನ್ನ ಹದ್ದುಬಸ್ತಿನ್ಯಾಗ ಇಟ್ಕೋ. ನಿಮ್ಮವ್ವಗ ಸುಮ್ನಿರು ಅಂತ ಹೇಳು" ಎಂದರು. ಅವರು ಬೆವರುತ್ತಾ ಮನೆಗೆ ಬಂದರು. ನನಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ತಾಯಿಗೆ ಹೇಳಬೇಕೆಂದರೆ ಕೂಗಬೇಕು. ಬಾಗಿಲು ಹಾಕಿ, ಕಿಟಕಿ ಹಾಕಿ, ಎಡಗಿವಿಯ ಹತ್ತಿರ ಬಗ್ಗಿ, ಸಾಧ್ಯವಾದಷ್ಟು ಮೆಲ್ಲಗೆ ಕೂಗಿದರು.

"ಯವ್ವಾ, ಸುಮ್ನಿರಬೇಕಂತ!"

"ಏನು?"

"ಸುಮ್ನಿರಬೇಕಂತ! ದೈವ ಹೇಳೈತಿ!"

"ಯಾರು ಹೇಳ್ಯಾರ?"

"ದೈವ! ದೈವ!" ಎಂದು ಅವರು ಕಿರುಚಿದರು. ಪಕ್ಕದ ಮನೆಯಲ್ಲಿ ಎಂಜಿನ್ ರಿಪೇರಿ ಮಾಡುವ ಸಾಹೇಬರ ಸಂಸಾರವಿತ್ತು. ಆ ಮನೆಯಾಕೆ ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ಕ್ಯಾ ಹುವಾ ತಂಗಿ? ಯಾರಿಗಾರ ಮೈಮ್ಯಾಲೆ ದೇವ್ರು ಬಂತಾ?" ಎಂದು ಗಾಬರಿಯಿಂದ ನನ್ನನ್ನು ಕೇಳಿದಳು.

ಅತ್ತೆಗೆ ಎಲ್ಲ ಕೇಳಿಸಿದ ಮೇಲೆ ಅವರು ಮಗನ ತಲೆ ಸವರಿ, "ನೀ ಹೆದರಬ್ಯಾಡ. ನಾ ಸುಮ್ನ ಇರ್ತೀನಿ" ಎಂದರು. ಹಾಗೆಯೇ ಇದ್ದರು. ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಮಲಗಿದರು.

ಎರಡು ದಿನದಲ್ಲಿ ಆಳುಗಳು ಜಾಲಿಯನ್ನು ಬುಡಮಟ್ಟ ಕಡಿದು ಒಟ್ಟಿದರು. ಮಾರನೆಯ ನಸುಕಿಗೆ ಹೋದ ಹೆಂಗಸರು ಬೋಳು ಬಯಲಿನ ಅಂಚಿನಲ್ಲಿ ನಿಂತು ತಿರುಗಿ ಬಂದರು. ಅಲ್ಲಿಂದ ನೋಡಿದರೆ ರಸ್ತೆ ಕಾಣುತ್ತಿತ್ತು, ರಸ್ತೆಯಲ್ಲಿ ಎತ್ತಿನ ಗಾಡಿಗಳು, ಗಾಡಿಯ ಮೇಲೆ ಬಾಯಿ ತೆರೆದುಕೊಂಡು ನೋಡುವವರು. ಸಾಹೇಬರ ಮನೆಯಾಕೆ ಕಣ್ಣಲ್ಲಿ ನೀರು ತಂದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಅವಳ ಹಿರಿಮಗಳು ತುಂಬಿದ ಬಸುರಿ, ಹೆರಿಗೆಗೆಂದು ಬಂದಿದ್ದಳು. ಅವಳ ಹಿಂದೆ ಮತ್ತೂ ನಾಲ್ಕು ಜನ ಬಂದರು. "ಏನ್ ಮಾಡೋಣ್ರಿ ಅವ್ವಾರ?" ಎಂದು ಎಲ್ಲರೂ ಅತ್ತೆಯನ್ನೇ ಕೇಳಿದರು. ನಾನು ಕೂಗಿ ಹೇಳಿದೆ.

ಅತ್ತೆ ಬಚ್ಚಲಿಗೆ ಹೋಗಿ ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದರು. "ನನಗೆ ತಿಳಿಯಂಗಿಲ್ಲವ್ವ. ಊರಾಗ ಏನರ ತಿಳೀಲಿಲ್ಲ ಅಂದ್ರ ಯಾರನ್ನ ಕೇಳ್ಬೇಕು? ದೈವಾನ ಕೇಳ್ಬೇಕು. ಬರ್ರಿ ಕೇಳೂನು" ಎಂದರು.

ಕಟ್ಟೆಯ ಮೇಲೆ ಬೆಳಗಿನ ಎಳೆಬಿಸಿಲು ಬಿದ್ದಿತ್ತು. ಗೌಡರು, ಶಾನುಭೋಗರು, ಅಯ್ಯನವರು, ಇನ್ನೂ ಹಲವರು ಚಹಾ ಕುಡಿದು ಕೂತಿದ್ದರು. ಅತ್ತೆ ಚಪ್ಪಲಿ ಬಿಟ್ಟು, ಕಟ್ಟೆ ಹತ್ತದೆ, ಅದರ ಕೆಳಗೆ ಸರಿಯಾಗಿ ಗೌಡರ ಎದುರಿಗೆ ತಂಬಿಗೆ ಹಿಡಿದು ನಿಂತರು. ಕಿವಿ ಕೇಳದವರು ಮಾತಾಡುವುದು ಗಟ್ಟಿಯಾಗಿಯೇ.

"ತಮ್ಮಾ, ಬಯಲಕಡಿಗೆ ಹೊಂಟೀನಿ. ಎಲ್ಲಿಗೆ ಹೋಗ್ಲಿ? ದೈವ ಹೇಳಿದ್ರ ಅಲ್ಲಿಗೆ ಹೋಗ್ತೀನಿ."

ಗೌಡರು ತಲೆ ತಗ್ಗಿಸಿದರು. ಅತ್ತೆ ನನ್ನ ಕಡೆ ತಿರುಗಿ, "ಏನಂದ?" ಎಂದರು. "ಏನೂ ಅನ್ಲಿಲ್ರಿ!" ಎಂದು ಕೂಗಿದೆ. "ಇರ್ಲಿ, ವಿಚಾರ ಮಾಡಿ ಹೇಳ್ತಾರ" ಎಂದು ಅತ್ತೆ ಸರಿದು ಬೇವಿನ ನೆರಳಲ್ಲಿ ಕೂತರು. ಅವರ ಹಿಂದೆ ಸಾಹೇಬರ ಮನೆಯಾಕೆ ಬಂದು, "ಗೌಡ್ರ, ನನ್ ಬೇಟಿ ಬಸ್ರಿ ಅದಾಳ್ರಿ. ಅವಳು ಎಲ್ಲಿಗೆ ಹೋಗ್ಬೇಕ್ರಿ?" ಎಂದಳು. ಆಮೇಲೆ ಕುಂಬಾರರ ಸೊಸೆ. ಆಮೇಲೆ ಪೂಜಾರಿಯ ತಾಯಿ. ಸುದ್ದಿ ಓಣಿಯಿಂದ ಓಣಿಗೆ ಓಡಿತು. ತಂಬಿಗೆಗಳು ಬರುತ್ತಲೇ ಇದ್ದವು. ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಪ್ರತಿಯೊಬ್ಬಳೂ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಅದೊಂದೇ ಪ್ರಶ್ನೆಯನ್ನು ಬಹಳ ವಿನಯದಿಂದ ಕೇಳಿ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. ತಲೆತಲಾಂತರದಿಂದ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ ಕಟ್ಟೆ ಅದು. ಅಯ್ಯನವರಿಗೆ ಇದ್ದಕ್ಕಿದ್ದಂತೆ ಪೂಜೆಯ ಹೊತ್ತಾಯಿತು. ಶಾನುಭೋಗರು ಧೋತರದ ಚುಂಗು ಹಿಡಿದುಕೊಂಡು ಹಿಂಬದಿಯಿಂದ ಇಳಿದರು. ಕಟ್ಟೆಗೆ ಆ ಕಡೆ ಮೆಟ್ಟಿಲೇ ಇರಲಿಲ್ಲ.

ಗೌಡರು ಮಾತ್ರ ಕದಲಲಿಲ್ಲ, ಕೂತೇ ಇದ್ದರು. ಅದೇ ಹೊತ್ತಿಗೆ ಅವರ ಮನೆಯ ಆಳುಮಗಳು ತಂಬಿಗೆ ಹಿಡಿದು ಬಂದಳು. ಗೌಡರ ಹೆಂಡತಿ ಗೌಡಸಾನಿ ಹಗಲಿನಲ್ಲಿ ಬೀದಿಗೆ ಬರುವವರಲ್ಲ. ಆಳುಮಗಳು ಕಟ್ಟೆಯ ಕೆಳಗೆ ನಿಂತು ನೆಲ ನೋಡುತ್ತಾ, "ಅಮ್ಮಾರು ಕೇಳ್ಕಂಡು ಬಾ ಅಂದ್ರು" ಎಂದಳು. ಏನನ್ನು ಎಂದು ಗೌಡರು ಕೇಳಲಿಲ್ಲ. ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು. ನನಗೆ ಆಗ ನಗು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಗುವಿನ ಹಿಂದೆಯೇ ಒಂದು ಸಂಕಟವೂ ಬಂತು. ಆ ದೊಡ್ಡ ಮನೆಯ ಬಾಗಿಲ ಹಿಂದೆ ನಿಂತು ಆ ಹೆಂಗಸು ಬೆಳಗಿನಿಂದ ಕಾಯುತ್ತಿದ್ದಳಲ್ಲ ಎಂದು.

ಸಂಜೆ ಡಂಗುರ ಸಾರಿಸಿದರು. ಊರಿನ ತಾಯಂದಿರ, ಅಕ್ಕತಂಗಿಯರ ಕಷ್ಟ ನೋಡಲಾರದೆ, ದಯಾಳುಗಳಾದ ದೈವದವರು ತಾವಾಗಿಯೇ ಆ ಜಾಗವನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ, ಗಂಡಸರು ಯಾರೂ ಅತ್ತ ಹೋಗಬಾರದು ಎಂದು. ಕಡಿದ ಜಾಲಿಯನ್ನೇ ಬೇಲಿಯಾಗಿ ಹಾಕಿಸಿದರು. ರಸ್ತೆಯ ಕಡೆಯ ಒಂದು ತುಂಡು ಮಾತ್ರ ಸೇಂಗಾ ಮಿಲ್ಲಿಗೇ ಹೋಯಿತು. ದಯೆಗೂ ಒಂದು ಮಿತಿ ಇರಬೇಕಲ್ಲ. ಅದರ ಠರಾವಿಗೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಯಾಕೆ ಒತ್ತಿದಿರಿ ಎಂದು ನಾನು ಕೇಳಿದ್ದಕ್ಕೆ, "ತಮ್ಮಗೂ ಮುಖ ಎತ್ತಿ ತಿರುಗಾಕ ಏನರ ಬೇಕಲ್ಲವ್ವ" ಎಂದರು. ನನಗೆ ಸಿಟ್ಟು ಬಂತು. ಈಗಲೂ ಅದು ಸರಿಯೆಂದು ನನಗೆ ಅನಿಸುವುದಿಲ್ಲ.

ನಮ್ಮ ಅಂಗಡಿಯಲ್ಲಿ ಗೌಡರ ಕಡೆಯವರು ಸಾಮಾನು ಕೊಳ್ಳುವುದನ್ನು ನಿಲ್ಲಿಸಿದರು. ಸ್ವಲ್ಪ ದಿನ ಕಷ್ಟವಾಯಿತು. ಆಮೇಲೆ ಗೌಡಸಾನಿಯೇ ಆಳುಮಗಳ ಕೈಲಿ ಬೆಲ್ಲ, ಚಹಾಪುಡಿಗೆ ಹೇಳಿಕಳಿಸತೊಡಗಿದರು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಅತ್ತೆಯ ಅವಧಿ ಮುಗಿಯಿತು. ಮುಂದೆ ಪಂಚಾಯ್ತಿಗೆ ಹೆಣ್ಣುಮಕ್ಕಳನ್ನು ಹುಡುಕುವಾಗ ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂದು ಮೊದಲು ವಿಚಾರಿಸುತ್ತಿದ್ದರು ಎಂದು ಕೇಳಿದ್ದೇನೆ. ಅತ್ತೆ ತೀರಿಕೊಂಡಾಗ ದೈವವೆಲ್ಲ ಬಂದಿತ್ತು. ಗೌಡರು ನಿಜವಾಗಿ ಅತ್ತರು. ಆಕೆಯಂಥ ಮೆಂಬರು ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ ಎಂದು ಶಾನುಭೋಗರು ಹೇಳಿದರು. ಅವರ ದನಿಯಲ್ಲಿ ಎರಡನೆಯ ಮಾತು ಸ್ವಲ್ಪ ಒತ್ತಿ ಬಂದಂತೆ ನನಗೆ ಕೇಳಿಸಿತು.

ಎಂಬತ್ತರ ದಶಕದ ಕೊನೆಗೆ ಮಂಡಲ ಪಂಚಾಯ್ತಿಗಳು ಬಂದವು. ಹೆಣ್ಣುಮಕ್ಕಳ ಸೀಟು ಇನ್ನೂ ಹೆಚ್ಚಾಯಿತು. ದೈವ ಮತ್ತೆ ಕೂಡಿ ಎಲ್ಲವೂ ಅವಿರೋಧ ಎಂದು ತೀರ್ಮಾನಿಸಿತು. ಯಾರೂ ನನ್ನನ್ನು ಕೇಳಲಿಲ್ಲ. ನಾನು ನಮ್ಮ ಮನೆಯವರನ್ನು ಕರೆದುಕೊಂಡು ಬಸ್ಸು ಹತ್ತಿ ಹೋಗಿ ನಾಮಪತ್ರ ಕೊಟ್ಟು ಬಂದೆ. ಬಸ್ಸಿನಲ್ಲಿ ಅವರು ಉದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಇಳಿಯುವಾಗ ಮಾತ್ರ, "ಆದದ್ದು ಆಗ್ಲಿ ಬಿಡು" ಎಂದರು. ಊರಲ್ಲಿ ಪಂಚಾಯ್ತಿಗೆಂದು ಮೊದಲ ಸಲ ಓಟು ನಡೆಯಿತು. ಊರು ಒಡೆಯಲಿಲ್ಲ. ಮನೆಮನೆಗೆ ಹೋಗಿ ಕೇಳಿದೆ. ಹೆಂಗಸರು ಒಳಗೆ ಕರೆದು ಕುಂಕುಮ ಕೊಟ್ಟರು, ಓಟು ನಿಮಗೇ ಎಂದರು. ಓಟಿನ ದಿನ ಗಂಡಸರು ಅವರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದು ಕರೆದೊಯ್ದರು. ನಾನು ಸೋತೆ. ಗೆದ್ದವಳು ಗೌಡರ ಸೊಸೆ, ಒಳ್ಳೆಯ ಹುಡುಗಿ. ಮೀಟಿಂಗಿಗೆ ಅವಳ ಗಂಡ ಹೋಗುತ್ತಿದ್ದ.

ಹಗರಿಬೊಮ್ಮನಹಳ್ಳಿಯಲ್ಲಿ ಎಣಿಕೆ ಮುಗಿದು ಹೊರಬಂದಾಗ ಗೌಡರು ಎದುರಿಗೆ ಸಿಕ್ಕರು. ವಯಸ್ಸಾಗಿ ಕೋಲು ಹಿಡಿದಿದ್ದರು. ನನ್ನನ್ನು ನಿಲ್ಲಿಸಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ನಿಜವಾದ ಮರುಕದಿಂದ ಸಮಾಧಾನ ಹೇಳಿದರು.

"ಬ್ಯಾಸರ ಮಾಡ್ಕಬ್ಯಾಡ ತಂಗಿ. ದೈವ ಕೂಡಿ ಬರ್ಲಿಲ್ಲ."

"ಹೌದ್ರಿ, ಕಾಕಾರ" ಎಂದು ನಾನು ಸೆರಗು ಸರಿಮಾಡಿಕೊಂಡು ಬಸ್ಸಿಗೆ ನಡೆದೆ.